ದಾನಿ ಹದಿನಾಲ್ಕು ಕೊನೆಯ ಸಲ ಊಟ ಮಾಡಿದ್ದು

ನಮ್ಮ ಮನೆಯವರು ಹೋದ ತಿಂಗಳವರೆಗೆ ನಾನೂರು ಮೈಕ್ರೋಲೀಟರ್ ಇದ್ದರು. ಒಂದು ಟೀ ಚಮಚೆಯ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ತಾರ್ನಾಕದ ನಮ್ಮ ಲ್ಯಾಬಿನ ಫ್ರೀಜರಿನಲ್ಲಿ, ಮೈನಸ್ ಎಂಬತ್ತು ಡಿಗ್ರಿಯಲ್ಲಿ, ಮೂರನೆಯ ಅರೆಯ ಹಳದಿ ಪೆಟ್ಟಿಗೆಯೊಳಗೆ, ನನ್ನ ಕಿರುಬೆರಳಿಗಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ನಳಿಕೆಯಲ್ಲಿ ಅವರ ರಕ್ತದ ಪ್ಲಾಸ್ಮಾ ಹೆಪ್ಪುಗಟ್ಟಿ ಕೂತಿತ್ತು. ಮೇಲಿನ ಚೀಟಿಯಲ್ಲಿ ‘ದಾನಿ 14’ ಎಂದಷ್ಟೇ ಇತ್ತು. ಹೆಸರು ಬರೆಯಬಾರದೆಂದು ನಿಯಮ. ಆದರೆ ಅಂಥ ಚೀಟಿ ಅಂಟಿಸುವವಳು ನಾನು, ಪೆಟ್ಟಿಗೆ ಹೊಂದಿಸುವವಳು ನಾನು, ಇಪ್ಪತ್ತಾರು ವರ್ಷದಿಂದ ಆ ಫ್ರೀಜರಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವಳು ನಾನು. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಅವರು ಹೋಗಿ ಮೂರು ವರ್ಷವಾಯಿತು. ಗೆಳೆಯನನ್ನು ವಿಮಾನಕ್ಕೆ ಬಿಟ್ಟು ಬರುತ್ತೇನೆಂದು ಶಂಶಾಬಾದಿಗೆ ಹೋದವರು, ಪಾರ್ಕಿಂಗಿನಲ್ಲಿ ಸ್ಟೀರಿಂಗಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಹೃದಯಾಘಾತ ಎಂದರು. ಕ್ಯಾನ್ಸರ್ ಬಂದದ್ದು ನನಗೆ, ಕೂದಲು ಉದುರಿಸಿಕೊಂಡವಳು ನಾನು, ಉಯಿಲು ಬರೆಸೋಣವೇ ಎಂದು ಯೋಚಿಸಿದವಳೂ ನಾನೇ. ಹೋದದ್ದು ಮಾತ್ರ ಅವರು. ನಮಗೆ ಮಕ್ಕಳಿಲ್ಲ. ಅವರದ್ದು ಎಂದು ಈ ಲೋಕದಲ್ಲಿ ಉಳಿದಿದ್ದುದು ಒಂದು ಬೆಲ್ಟು, ಎರಡು ಕನ್ನಡಕ, ಎಂಬತ್ತೆರಡು ವರ್ಷದ ತಾಯಿ, ಮತ್ತೆ ಆ ನಾನೂರು ಮೈಕ್ರೋಲೀಟರ್.

ದಿನಾ ಬೆಳಿಗ್ಗೆ ಫ್ರೀಜರಿನ ತಾಪಮಾನವನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬರೆದ ಮೇಲೆ ಬಾಗಿಲು ತೆಗೆದು, ಹಳದಿ ಪೆಟ್ಟಿಗೆಯ ಮುಚ್ಚಳ ಎತ್ತಿ ಒಮ್ಮೆ ನೋಡುತ್ತಿದ್ದೆ. ಮಾತಾಡುತ್ತಿರಲಿಲ್ಲ, ಅಷ್ಟೊಂದು ಹುಚ್ಚು ನನಗೆ ಹಿಡಿದಿಲ್ಲ. ನೋಡಿ ಮುಚ್ಚುತ್ತಿದ್ದೆ. ಆಮೇಲೆ ದಿನ ಹೇಗೋ ಸಾಗುತ್ತಿತ್ತು.

ನಮ್ಮ ಲ್ಯಾಬಿನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕ್ಯಾನ್ಸರಿನ ಔಷಧ ರಕ್ತಕ್ಕೆ ಬಿದ್ದ ಕೂಡಲೇ ಅದರ ಬಹುಪಾಲನ್ನು ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನು ಹಿಡಿದುಕೊಂಡು ಬಿಡುತ್ತದೆ. ಹಿಡಿದದ್ದು ಸುಮ್ಮನೆ ರಕ್ತದೊಡನೆ ಸುತ್ತುತ್ತಿರುತ್ತದೆ. ಕೈ ತಪ್ಪಿಸಿಕೊಂಡು ಬಿಡಿಯಾಗಿ ಉಳಿದದ್ದು ಮಾತ್ರ ಗಡ್ಡೆಯನ್ನು ಮುಟ್ಟುತ್ತದೆ, ಜೊತೆಗೆ ಕೂದಲನ್ನೂ ಕರುಳನ್ನೂ ಮುಟ್ಟುತ್ತದೆ. ಆ ಬಿಡಿ ಎಷ್ಟು ಎಂದು ಅಳೆಯುವುದೇ ನಮ್ಮ ಕೆಲಸ. ಒಂದು ಪುಟ್ಟ ಗುಂಡಿ, ನಡುವೆ ತೆಳ್ಳನೆಯ ಪೊರೆ. ಒಂದು ಕಡೆ ಔಷಧ ಬೆರೆಸಿದ ಪ್ಲಾಸ್ಮಾ, ಇನ್ನೊಂದು ಕಡೆ ಉಪ್ಪುನೀರು. ಅಲ್ಬುಮಿನ್ ದೊಡ್ಡದು, ಪೊರೆಯನ್ನು ದಾಟಲಾರದು. ಬಿಡಿಯಾದ ಔಷಧ ದಾಟುತ್ತದೆ. ಮೈಯ ಬಿಸಿಯಲ್ಲಿ ಆರು ಗಂಟೆ ಇಟ್ಟು ಆ ಕಡೆ ಎಷ್ಟು ಬಂತು ಎಂದು ನೋಡುತ್ತೇವೆ. ಇಷ್ಟೇ. ಹೇಳಲು ಅಡುಗೆಮನೆಯ ಕೆಲಸದ ಹಾಗಿದೆ, ಮಾಡಲು ಕೈ ನಡುಗಬಾರದು.

ಇದಕ್ಕೆ ಆರೋಗ್ಯವಂತರ ಪ್ಲಾಸ್ಮಾ ಬೇಕು. ಲ್ಯಾಬಿನವರು, ಲ್ಯಾಬಿನವರ ಮನೆಯವರು ಬಂದು ರಕ್ತ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಹಿಂದಿನ ರಾತ್ರಿ ಎಂದಿನಂತೆ ಉಂಡಿರಬೇಕು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕು. ಕೊಟ್ಟ ಮೇಲೆ ಚಹಾ, ಬಿಸ್ಕತ್ತು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಕೊನೆಯ ಸಲ ಊಟ ಮಾಡಿದ್ದು ಯಾವಾಗ.

2019ರಲ್ಲಿ ಒಂದು ಹೊಸ ಔಷಧವನ್ನು ಇಪ್ಪತ್ತು ದಾನಿಗಳ ಪ್ಲಾಸ್ಮಾದಲ್ಲಿ ಅಳೆದಿದ್ದರು. ಹತ್ತೊಂಬತ್ತು ಮಂದಿಯಲ್ಲಿ ನೂರಕ್ಕೆ ಎರಡು ಪಾಲು ಬಿಡಿ ಉಳಿಯಿತು. ದಾನಿ ಹದಿನಾಲ್ಕರಲ್ಲಿ ಮಾತ್ರ ಐದು. ಆಗ ನಾನು ರಜೆಯಲ್ಲಿದ್ದೆ. ಜೂನಿನಿಂದ ನವೆಂಬರಿನವರೆಗೆ ನನ್ನ ಮೈಯಲ್ಲೇ ಬೇರೆ ಔಷಧ ಓಡಾಡುತ್ತಿತ್ತು. ನನ್ನ ಮೆಡಿಕಲ್ ಸರ್ಟಿಫಿಕೇಟು ಕೊಡಲು ಬೆಳಿಗ್ಗೆ ಬೆಳಿಗ್ಗೆ ಲ್ಯಾಬಿಗೆ ಬಂದಿದ್ದ ನಮ್ಮ ಮನೆಯವರನ್ನು ನಿಖಿತಾ ಹಿಡಿದು ಕೂಡಿಸಿದ್ದಳು. ಅವತ್ತು ಬರಬೇಕಾಗಿದ್ದ ದಾನಿ ಕೈಕೊಟ್ಟಿದ್ದನಂತೆ. ಆಗ ಅವಳು ಪಿಎಚ್‌ಡಿ ಹುಡುಗಿ, ಈಗ ನಮ್ಮ ವಿಜ್ಞಾನಿ. ಅಪ್ಪ ಹುಬ್ಬಳ್ಳಿ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿದ್ದವರು. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಸಿಟ್ಟು ಬಂದರೆ ಹಿಂದಿ.

“ಅಂಕಲ್ ಭಾಳ ಮಜಾ ಇದ್ದರ್ರಿ ಆಂಟಿ,” ಎಂದು ಅವಳು ಆಗಾಗ ಹೇಳುತ್ತಿರುತ್ತಾಳೆ. “ರಕ್ತ ಕೊಟ್ಟಾದ ಮ್ಯಾಲೆ ಇಡೀ ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡಿದ್ರು. ಮೂರು ಕಪ್ ಚಾ. ಎದ್ದು ನಿಂತಾಗ ತಲಿ ಸುತ್ತಿತು, ಗೋಡೆ ಹಿಡಕೊಂಡು ‘ನಿಮ್ಮ ಲ್ಯಾಬಿನ ನೆಲಾ ಸೊಟ್ಟ ಐತಿ’ ಅಂದ್ರು.”

ಅವರ ಹೆಸರು ಪ್ರಹ್ಲಾದ. ಹೆಸರಿಗೂ ಮನುಷ್ಯನಿಗೂ ಸಂಬಂಧವಿಲ್ಲ. ದೇವರ ಕೋಣೆಗೆ ಕಾಲಿಟ್ಟರೆ ಹುಡುಕುವುದು ಪ್ರಸಾದದ ಡಬ್ಬಿಯನ್ನು. ನಾವು ರಾಯಚೂರು ಕಡೆಯ ವೈಷ್ಣವರು, ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಏಕಾದಶಿ. ದಶಮಿ ಮಧ್ಯಾಹ್ನ ಉಂಡರೆ ದ್ವಾದಶಿ ಬೆಳಿಗ್ಗೆ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಮದುವೆಯಾಗಿ ಬಂದಂದಿನಿಂದ ನಾನೂ ಅತ್ತೆ ಕೃಷ್ಣಾಬಾಯಿಯವರೂ ತಿಂಗಳಿಗೆ ಎರಡು ಸಲ ಉಪವಾಸ. ಅವರು ಮಾತ್ರ ನಮ್ಮಿಬ್ಬರ ಎದುರಿಗೇ ಕೂತು ಚಪಾತಿ ಮುರಿದು ತಿನ್ನುತ್ತ, “ದೇವರ ಹೆಸರಿನಾಗ ಅಕ್ಕಿ ಉಳಸೋ ಮಂದಿ” ಎಂದು ನಗುತ್ತಿದ್ದರು. ಇಪ್ಪತ್ತು ವರ್ಷ ನಕ್ಕರು.

ಕೀಮೋ ಶುರುವಾದಾಗ ಡಾಕ್ಟರು ಉಪವಾಸ ಬಂದ್ ಎಂದರು. ನಾನು ಅತ್ತುಬಿಟ್ಟೆ. ನಗಬೇಡಿ, ಕ್ಯಾನ್ಸರಿಗೆ ಅಳದವಳು ಏಕಾದಶಿ ತಪ್ಪುತ್ತದೆಂದು ಅತ್ತುಬಿಟ್ಟೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಿಥಿಯನ್ನು ನೋಡಲಾರದಾದೆ. ಕ್ಯಾಲೆಂಡರನ್ನೇ ಅಲ್ಲಿಂದ ತೆಗೆಸಿಬಿಟ್ಟೆ. ಆಗ ಅತ್ತೆ ಹೇಳಿದ್ದರು: “ಮೈ ಸರಿ ಇಲ್ಲದವರ ವ್ರತಾನ ಮನಿಯವರು ಯಾರರೆ ಬದಲಿ ಮಾಡಬಹುದು, ಶಾಸ್ತ್ರದಾಗ ಅದ. ನಂದು ನನಗs ಅದ. ಇಲ್ಲದಿದ್ರ ನಾನs ಮಾಡತಿದ್ದೆ.” ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, “ಹಸಿವಿಗೂ ಇನ್ನೊಬ್ಬರ ಹೆಸರಿಗೆ ಮುಖ್ತ್ಯಾರನಾಮಾ ಬರಕೊಡಲಿಕ್ಕೆ ಬರ್ತದೇನವ್ವಾ?” ಎಂದು ನಕ್ಕು ಮತ್ತೆ ಪೇಪರಿಗೆ ಮುಖ ಹಾಕಿದರು. ಆ ನಗು ನನಗೆ ಚುಚ್ಚಿತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದಿದೆ. ಆ ಆರು ತಿಂಗಳು ಅವರು ಆಗಾಗ ಮನೆಯಲ್ಲಿ ಉಣ್ಣುತ್ತಿರಲಿಲ್ಲ. “ಹೊರಗ ತಿಂದು ಬಂದೇನಿ,” ಎನ್ನುತ್ತಿದ್ದರು. ಏನು ತಿಂದಿರಿ ಎಂದರೆ, ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ. ಒಂದು ಸಂಜೆ ಬಾಲ್ಕನಿಯಲ್ಲಿ ಕೂತಿದ್ದೆ. ಗೇಟಿನಲ್ಲಿ ಸ್ಕೂಟರು ನಿಲ್ಲಿಸಿ, ಭಜಿಯ ಪೊಟ್ಟಣವನ್ನು ವಾಚ್‌ಮನ್ನನ ಕೈಗಿಟ್ಟು ಮೇಲೆ ಬಂದರು. ತಿಂದು ಮಿಕ್ಕದ್ದು ಎಂದುಕೊಂಡೆ. ನನಗೆ ನೀರು ಕುಡಿದರೂ ವಾಂತಿ. ಮನೆತುಂಬ ಔಷಧದ ವಾಸನೆ. ಪಾಪ, ಗಂಡಸು, ಬೇಸತ್ತು ಹೊರಗೆ ತಿನ್ನುತ್ತಾನೆ ಎಂದು ಮೊದಲು ಅನಿಸಿತು. ಎರಡನೆಯ ತಿಂಗಳಿಗೆ ಆ ಪಾಪ ಹೋಯಿತು, ಸಿಟ್ಟು ಉಳಿಯಿತು.

ನವೆಂಬರಿನಲ್ಲಿ ಕೊನೆಯ ಕೀಮೋ ಮುಗಿಸಿ ಬಂದ ದಿನ ಅಂದೇಬಿಟ್ಟೆ. “ನಾ ಇಲ್ಲಿ ಬಚ್ಚಲದಾಗ ಬಿದ್ದಿದ್ದಾಗ ನೀವು ಅಲ್ಲಿ ಹೊಟ್ಟಿ ತುಂಬಿಸ್ಕೊಂಡು ಬಂದ್ರಿ. ಇದನ್ನ ನಾ ಸಾಯೋತನಕ ಮರಿಯೂದಿಲ್ಲ.”

ಅವರು ನನ್ನ ಚಪ್ಪಲಿಯನ್ನು ಗೂಡಿನಲ್ಲಿ ಇಡುತ್ತಿದ್ದರು. ತಿರುಗಿ ನೋಡದೆ, “ಮರೀಬ್ಯಾಡ ಬಿಡು. ಸಾಯೋದಂತೂ ಮುಂದ ಹೋತಲ್ಲ,” ಎಂದರು.

ಆಮೇಲೂ ಎರಡು ವರ್ಷ ಚೆನ್ನಾಗಿಯೇ ಬಾಳಿದೆವು. ಅವರ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಬಂದೆ, ಏಕಾದಶಿಯನ್ನೂ ಮತ್ತೆ ಹಿಡಿದೆ. ಆದರೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಹೋದ ಮೇಲೆ ನಾನು ಏಕಾದಶಿಯನ್ನು ಬಿಟ್ಟೆ. ದೇವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬೇರೆ ದಾರಿ ಗೊತ್ತಿರಲಿಲ್ಲ.

ಇಷ್ಟು ಹಿಂದಿನದು. ಹೋದ ತಿಂಗಳು ನಿಖಿತಾ ಒಂದು ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಆ ಹಳೆಯ ಅಳತೆಗಳನ್ನೆಲ್ಲ ಸೇರಿಸಿ ಬರೆದ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯವರು ಹಿಂದಕ್ಕೆ ಕಳಿಸಿದ್ದರು. ದಾನಿ ಹದಿನಾಲ್ಕು ಯಾಕೆ ಹೀಗೆ ಎಂದು ವಿವರಿಸಿ, ಇಲ್ಲವೇ ತೆಗೆದುಹಾಕಿ, ಎಂದಿದ್ದರು.

“ಆಂಟಿ, ಹದಿನಾಲ್ಕನೇದ್ದು ಒಂದs ವಯಲ್ ಉಳದೈತಿ,” ಎಂದಳು. “ಮತ್ತೊಮ್ಮೆ ಅಳತಿ ಮಾಡಬೇಕು, ಮೂರು ಸಲ. ಕೊಬ್ಬಿನಾಮ್ಲ ನೋಡಬೇಕು, ಕೀಟೋನ್ ನೋಡಬೇಕು. ಎಲ್ಲಾ ಸೇರಿ ನಾನೂರು ಬೇಕಾಗತೈತಿ.”

“ಸ್ವಲ್ಪ ಉಳಸಲಿಕ್ಕೆ ಬರೂದಿಲ್ಲೇನು?”

“ಒಮ್ಮೆ ಕರಗಿಸಿದ್ರ ಮುಗೀತಲ್ರಿ. ಮತ್ತ ಫ್ರೀಜ್ ಮಾಡಬಾರದಂತ ನನಗ ಕಲಿಸಿದವರs ನೀವು.”

ಹೌದು, ನಾನೇ ಕಲಿಸಿದ್ದು. ಅವಳಿಗೆ ಆ ದಾನಿ ಯಾರೆಂದು ಗೊತ್ತಿತ್ತು, ರಕ್ತ ತೆಗೆದವಳೇ ಅವಳು. ಅದಕ್ಕೇ ಮೆಲ್ಲಗೆ ಕೇಳುತ್ತಿದ್ದಳು. ಆ ಮೆಲ್ಲನೆಯ ದನಿಯೇ ನನ್ನನ್ನು ಕೆರಳಿಸಿತು. “ನಾಳೆ ನೋಡೋಣ,” ಎಂದು ಎದ್ದುಹೋದೆ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಫ್ರೀಜರು ತೆಗೆದು, ಆ ನಳಿಕೆಯನ್ನು ಹಳದಿ ಪೆಟ್ಟಿಗೆಯಿಂದ ಎತ್ತಿ ಕೆಳಗಿನ ಅರೆಯ ಇಲಿ ಪ್ಲಾಸ್ಮಾದ ಪೆಟ್ಟಿಗೆಯ ಮೂಲೆಯಲ್ಲಿ ಬಚ್ಚಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಒಂದು ನಳಿಕೆಯನ್ನೂ ಜಾಗ ತಪ್ಪಿಸದವಳು, ಗಂಡನನ್ನು ಇಲಿಗಳ ಜೊತೆ ಮಲಗಿಸಿದೆ. ಅವರು ಇದ್ದಿದ್ದರೆ ಇದನ್ನು ಹೇಳಿಕೊಂಡು ವರ್ಷವಿಡೀ ನಗುತ್ತಿದ್ದರು.

ಎರಡು ದಿನ ನಿಖಿತಾ ಏನೂ ಕೇಳಲಿಲ್ಲ. ಖಾಲಿ ಗುಳಿ ನೋಡಿರಲೇಬೇಕು. ಮೂರನೆಯ ದಿನ ಒಂದು ಹಾಳೆ ತಂದು ಇಟ್ಟಳು. ದಾನಿ ಹದಿನಾಲ್ಕನ್ನು ಲೆಕ್ಕದಿಂದ ಕೈಬಿಡಲಾಗಿದೆ, ಕಾರಣ: ಮಾದರಿ ಕೆಟ್ಟಿದೆ. ಮಾದರಿಗಳ ಜವಾಬ್ದಾರಿ ಹೊತ್ತವಳು ಎಂದು ಕೆಳಗೆ ನನ್ನ ಸಹಿ ಬೇಕಿತ್ತು.

“ಯಾರು ಹೇಳಿದ್ರು ಕೆಟ್ಟದಂತ?” ಎಂದೆ.

“ಯಾರೂ ಹೇಳಿಲ್ರಿ. ವಯಲ್ ಸಿಗಲಿಲ್ಲ ಅಂದ್ರ ನಾ ಮತ್ತೇನು ಬರೀಲಿ?”

ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಅವಳು ಕುರ್ಚಿ ಎಳೆದು ಕೂತಳು. “ಆಂಟಿ, ಒಂದು ಮಾತು. ಈ ಔಷಧ ಅಲ್ಬುಮಿನ್‌ನಾಗ ಎಲ್ಲಿ ಹೋಗಿ ಕೂಡತೈತೋ, ಅದs ಜಾಗದಾಗ ಕೊಬ್ಬಿನಾಮ್ಲಾನೂ ಕೂಡತೈತಿ. ಕೊಬ್ಬಿನಾಮ್ಲ ಜಾಸ್ತಿ ಆದ್ರ ಔಷಧಕ್ಕ ಜಾಗ ಇಲ್ಲ, ಬಿಡಿ ಆಗತೈತಿ. ಹಂಗs ಆಗಿದ್ರ ಈ ಮಾದರಿ ಕೆಟ್ಟಿಲ್ಲ. ಇದೊಂದs ಸರಿ ಐತಿ.”

“ಭಜಿ ತಿಂದ್ರ ಹಂಗ ಆಗ್ತದೇನು?”

“ತಿಂದ ಎಣ್ಣಿ ಬ್ಯಾರೆ ಕಾಣತೈತ್ರಿ. ನಾ ಹೇಳೂದು ಹೊಟ್ಟಿಗೆ ಏನೂ ಇಲ್ದಾಗ ಮೈಯಾಗಿನ ಕೊಬ್ಬು ಕರಗಿ ರಕ್ತಕ್ಕ ಬರೂದು. ಕೀಟೋನ್ ನೋಡಿದ್ರ ಗೊತ್ತಾಗತೈತಿ. ಆಂಟಿ, ಕೀಮೋ ತಗೊಳ್ಳೋರು ಊಟಾ ಮಾಡತಾರೇನ್ರಿ? ನೀವು ಮಾಡಿದ್ರೇನು? ಉಂಡವರ ರಕ್ತದಾಗ ಅಳದು ಉಪವಾಸ ಇದ್ದವರಿಗೆ ಡೋಸ್ ಕೊಟ್ರ ಹೆಂಗ?”

ಬಚ್ಚಲಿನ ನೆಲದ ತಣ್ಣನೆಯ ಕಲ್ಲು ನೆನಪಾಯಿತು. ನನ್ನಂಥವಳೊಬ್ಬಳು ಈಗ ಯಾವುದೋ ಬಚ್ಚಲಲ್ಲಿ ಕೂತಿರುತ್ತಾಳೆ. ನಿಖಿತಾ ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿ ಎಂದು ತಿಳಿದ ಮಾತ್ರಕ್ಕೆ ಕೈ ಮುಂದೆ ಬರುತ್ತದೆಯೇ? ಕರಗಿಸಿದರೆ ಅವರು ಇಲ್ಲ. ಕರಗಿಸದಿದ್ದರೆ ‘ಕೆಟ್ಟ ಮಾದರಿ’ ಎಂದು ನಾನೇ ಸಹಿ ಹಾಕಬೇಕು. ಬದುಕಿದ್ದಾಗ ಆ ಮನುಷ್ಯನಿಗೆ ನಾನು ನೂರು ಹೆಸರಿಟ್ಟಿದ್ದೇನೆ, ಆದರೆ ಬೇರೆಯವರು ಇಡುವುದನ್ನು ಸಹಿಸಲಾರೆ.

ಎದ್ದು ಫ್ರೀಜರು ತೆಗೆದೆ. ಇಲಿಗಳ ಪೆಟ್ಟಿಗೆಯಿಂದ ನಳಿಕೆಯನ್ನು ಎತ್ತಿ ಅವಳ ಮುಂದೆ ಹಿಡಿದೆ. ಅವಳು ಪೆಟ್ಟಿಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಮೇಜಿನ ಮೇಲಿನ ಹಾಳೆಯನ್ನು ಮಡಚಿ ಜೇಬಿಗಿಟ್ಟಳು. ಒಳ್ಳೆಯ ಮನೆಯ ಹುಡುಗಿ.

“ನಾಳೆ ಬೆಳಿಗ್ಗೆ ಮಾಡೋಣು,” ಎಂದೆ. “ನಾನs ಮಾಡತೀನಿ. ನೀ ಮುಟ್ಟಬ್ಯಾಡ.”

ಮರುದಿನ ಬೆಳಿಗ್ಗೆ ಏಳೂವರೆಗೇ ಲ್ಯಾಬಿನಲ್ಲಿದ್ದೆ. ಕರಗಿಸಲು ನಾವು ನೀರಿನ ತೊಟ್ಟಿ ಬಳಸುತ್ತೇವೆ. ಅವತ್ತು ಬಳಸಲಿಲ್ಲ. ನಳಿಕೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ನಿಯಮಕ್ಕೆ ವಿರುದ್ಧವೇನಲ್ಲ, ಯಾರೂ ಹಾಗೆ ಮಾಡುವುದಿಲ್ಲ ಅಷ್ಟೇ. ಮೊದಲು ಅಂಗೈ ಸುಟ್ಟ ಹಾಗಾಯಿತು, ಆಮೇಲೆ ಮರಗಟ್ಟಿತು, ಆಮೇಲೆ ನಳಿಕೆ ನನ್ನ ಕೈಯಷ್ಟೇ ಬೆಚ್ಚಗಾಯಿತು. ತೆರೆದು ನೋಡಿದರೆ ಒಣಹುಲ್ಲಿನ ಬಣ್ಣದ ನೀರು. ಮೂರು ವರ್ಷದ ಮೇಲೆ ಅವರ ಕೈ ಹಿಡಿದ ಹಾಗೆ ಹಿಡಿದಿದ್ದೆ. ಇನ್ನೊಂದು ನಿಮಿಷ ಹಿಡಿದಿರಬೇಕೆಂದು ಎಷ್ಟು ಆಸೆಯಾಯಿತೆಂದು ಬರೆಯಲು ನನಗೆ ಬರುವುದಿಲ್ಲ.

ಗುಂಡಿಗಳಿಗೆ ಹಾಕಿದೆ, ಪೊರೆಯ ಆ ಕಡೆ ಉಪ್ಪುನೀರು ಹಾಕಿದೆ, ಮುಚ್ಚಿ ಬಿಸಿಗೂಡಿನಲ್ಲಿಟ್ಟೆ. ಉಳಿದದ್ದನ್ನು ಕೊಬ್ಬಿನಾಮ್ಲಕ್ಕೂ ಕೀಟೋನಿಗೂ ಕೊಟ್ಟೆ. ನಳಿಕೆಯ ತಳದಲ್ಲಿ ಒಂದು ಹನಿ ಅಂಟಿಕೊಂಡಿತ್ತು. ಅದನ್ನೂ ಪಿಪೆಟ್ಟಿನಿಂದ ತೆಗೆದೆ.

ಹೋಲಿಸಿ ನೋಡಲು ಬೇರೆ ಇಬ್ಬರು ದಾನಿಗಳ ಪ್ಲಾಸ್ಮಾವನ್ನೂ ಜೊತೆಗೆ ಇಟ್ಟಿದ್ದೆವು. ಅವೂ ಅಷ್ಟೇ ಹಳೆಯವು, ಅದೇ ಫ್ರೀಜರಿನವು. ಮಧ್ಯಾಹ್ನದ ಹೊತ್ತಿಗೆ ನಿಖಿತಾ ಕಾಗದ ಹಿಡಿದು ಬಂದಳು. ಆ ಇಬ್ಬರದು ಎಂದಿನಂತಿತ್ತು. ದಾನಿ ಹದಿನಾಲ್ಕರ ಕೊಬ್ಬಿನಾಮ್ಲ ನಾಲ್ಕು ಪಟ್ಟು. ಕೀಟೋನು ಹತ್ತು ಪಟ್ಟು. ತಿಂದ ಎಣ್ಣೆಯ ಗುರುತು ಎಲ್ಲೂ ಇಲ್ಲ.

“ಆಂಟಿ, ಅಂಕಲ್‌ಗೆ ಶುಗರ್ ಇತ್ತೇನ್ರಿ?”

“ಇಲ್ಲ. ಏನೂ ಇರಲಿಲ್ಲ.”

“ಹಂಗಾದ್ರ ಇವರು ಕಮ್ಮಿ ಅಂದ್ರ ಮೂವತ್ತಾರು ತಾಸು ಏನೂ ತಿಂದಿಲ್ಲ. ಫಾರ್ಮಿನಾಗ ಹಿಂದಿನ ರಾತ್ರಿ ಒಂಬತ್ತಕ್ಕ ಊಟ ಅಂತ ಐತಿ. ಸುಳ್ಳs ಸುಳ್ಳು ಬರಸ್ಯಾರ. ನಾ ಕೇಳಿದಾಗ ‘ಹೊಟ್ಟಿ ಬಿರಿಯಂಗ ಉಂಡೇನಿ, ಹಂಗs ಬರಕೊ’ ಅಂದಿದ್ರು. ಯಾಕ ಹಂಗ ಹೇಳಿದ್ರೋ.”

ಫಾರ್ಮು ನನ್ನ ಕಪಾಟಿನಲ್ಲಿತ್ತು. ತೆಗೆದು ತಾರೀಖು ನೋಡಿದೆ. 2019ರ ಆಗಸ್ಟ್ 27, ಮಂಗಳವಾರ. ಫೋನಿನಲ್ಲಿ ಆ ತಿಂಗಳ ಪಂಚಾಂಗ ತೆರೆದೆ. ಬೆರಳು ಸೋಮವಾರದ ಮೇಲೆ ನಿಂತಿತು. ಶ್ರಾವಣ ಬಹುಳ ಏಕಾದಶಿ.

ಫೋನನ್ನು ಕವುಚಿಟ್ಟು ನಿಖಿತಾಳಿಗೆ ಆರು ಗಂಟೆಯ ಅಳತೆಯನ್ನು ನೀನೇ ತೆಗೆ ಎಂದೆ. ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕುತ್ತ ಹೋದೆ. “ಹೊರಗ ತಿಂದು ಬಂದೇನಿ” ಎಂದ ದಿನಗಳು. ಜೂನಿನಲ್ಲಿ ಎರಡು. ಜುಲೈಯಲ್ಲಿ ಎರಡು. ನಾನು ಆಗ ವಾರಗಳನ್ನು ಎಣಿಸುತ್ತಿದ್ದೆ, ಕೀಮೋದ ವಾರ, ಕೀಮೋ ಇಲ್ಲದ ವಾರ. ತಿಥಿ ಎಣಿಸುವುದನ್ನು ಬಿಟ್ಟಿದ್ದೆ, ಅತ್ತೆಯವರೂ ನನ್ನೆದುರು ಅದರ ಮಾತೆತ್ತುತ್ತಿರಲಿಲ್ಲ. ಮೆಹದಿಪಟ್ಟಣಂ ಬಂದಿತು, ಇಳಿಯುವುದನ್ನು ಮರೆತೆ, ಕಂಡಕ್ಟರು ತೆಲುಗಿನಲ್ಲಿ ಬೈದು ಇಳಿಸಿದ.

ಅತ್ತೆ ಹಾಲ್‌ನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಇಷ್ಟು ಬೇಗ ಬಂದವಳನ್ನು ಕಂಡು, “ಮೈ ಸರಿ ಇಲ್ಲೇನು?” ಎಂದರು.

ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದೆ. “ಅತ್ಯಾ, ನನಗ ಕೀಮೋ ನಡದಾಗ ಇವರು ಏಕಾದಶಿ ಮಾಡತಿದ್ರೇನು?”

ಬತ್ತಿ ಹೊಸೆಯುತ್ತಿದ್ದ ಬೆರಳು ನಿಂತಿತು.

“ಯಾರು ಹೇಳಿದ್ರು ನಿನಗ?”

“ಅವರ ರಕ್ತ ಹೇಳ್ತು.”

ಅವರಿಗೆ ಏನು ತಿಳಿಯಿತೋ, ತಲೆದೂಗಿದರು. “ಹಂಗಾದ್ರ ನಾ ಮಾತು ಮುರದಂಗ ಆಗಲಿಲ್ಲ. ನನ್ನ ಕೈ ಮ್ಯಾಲೆ ಕೈ ಇಟ್ಟು ಆಣಿ ಮಾಡಿಸಿದ್ದ. ‘ಅಕಿಗೆ ಗೊತ್ತಾದ್ರ ಇಪ್ಪತ್ತು ವರ್ಷದ ನಗು ಬಡ್ಡಿ ಸಮೇತ ತೀರಸತಾಳ, ಹೇಳಬ್ಯಾಡ’ ಅಂದ. ಸತ್ತವನ ಆಣಿ ಹೆಂಗ ಮುರೀಲಿ ಹೇಳು.” ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಾ ಬದಲಿ ಮಾತು ಹೇಳಿದ್ನಲ್ಲಾ, ಅದs ಪಕ್ಷದಿಂದ ಹಿಡಿದ. ಒಂದೂ ಬಿಡಲಿಲ್ಲ. ದಶಮಿ ಮಧ್ಯಾಹ್ನ ಉಂಡವ ದ್ವಾದಶಿಗೇ. ಬರೇ ನೀರು ಕುಡೀತಿದ್ದ. ನೀ ಮತ್ತ ಹಿಡದ ಮ್ಯಾಲೆ, ‘ಇನ್ನ ಅಕಿದು ಅಕಿಗೆ, ನನ್ನ ಚಪಾತಿ ನನಗ’ ಅಂತ ಬಿಟ್ಟ.”

“ಭಜಿ?”

“ನಿನಗ ತೋರಸಲಿಕ್ಕೆ ಕಟ್ಟಿಸಿಕೊಂಡು ಬರತಿದ್ದ. ಬಿಚ್ಚತಿರಲಿಲ್ಲ. ಹಂಗs ಆ ವಾಚ್‌ಮನ್‌ಗೆ.”

ಅಲ್ಲಿಯೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರು ಹೋದಾಗ ಬಂದವರೆಲ್ಲ ನೋಡುತ್ತಾರೆಂದು ನೆಟ್ಟಗೆ ಅತ್ತಿರಲಿಲ್ಲ. ಈಗ ಮುದುಕಿಯ ಸೀರೆಯ ಸೆರಗು ಹಿಡಿದುಕೊಂಡು ಬಿಕ್ಕಿದೆ. ನಾನು ಅಂದ ಮಾತನ್ನು ಅತ್ತೆಯವರಿಗೆ ಹೇಳಿದೆ, ಸಾಯುವತನಕ ಮರೆಯುವುದಿಲ್ಲ ಎಂದದ್ದನ್ನು. “ಕೇಳಿದ್ದೆ, ಒಳಗ ಇದ್ದೆ,” ಎಂದರು. “ಅವತ್ತು ದ್ವಾದಶಿ ಇತ್ತು. ಪಾರಣಿ ಆಗಿರಲಿಲ್ಲ ಅವನದು. ನಿನ್ನ ಆಸ್ಪತ್ರಿಗೆ ಕರಕೊಂಡು ಹೋಗಬೇಕಂತ ಹಂಗs ಬಂದಿದ್ದ.”

ಆಗ ಎದ್ದು ಕಾಲಿನ ಚಪ್ಪಲಿ ಬಿಟ್ಟು ಗೂಡಿನಲ್ಲಿಟ್ಟೆ.

ಮರುದಿನ ಲ್ಯಾಬಿಗೆ ಹೋದಾಗ ನಿಖಿತಾ ಅಳತೆಯನ್ನು ಬರೆದಿಟ್ಟಿದ್ದಳು. ಮೂರೂ ಗುಂಡಿಗಳಲ್ಲಿ ನೂರಕ್ಕೆ ಐದು. ಮೊದಲಿನದೇ. ದಾನಿ ಹದಿನಾಲ್ಕು ಕೆಟ್ಟಿರಲಿಲ್ಲ.

ತಪ್ಪಾಗಿದ್ದು ಫಾರ್ಮಿನಲ್ಲಿ. ಅದನ್ನು ತಿದ್ದುವುದು ನನ್ನ ಕೆಲಸ. ನಮ್ಮಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಮಸಿ ಬಳಿಯುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಕಾರಣ ಕೊಟ್ಟು, ಸಹಿ ಹಾಕಬೇಕು. ‘ಹಿಂದಿನ ರಾತ್ರಿ 9’ ಎಂಬುದರ ಮೇಲೆ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಆಗಸ್ಟ್ 25, ಭಾನುವಾರ, ಮಧ್ಯಾಹ್ನ 1. ಆ ಭಾನುವಾರದ ಊಟ ನನಗೆ ನೆನಪಿರಲಿಲ್ಲ. ಅತ್ತೆಯವರಿಗೆ ನೆನಪಿತ್ತು. ಹುಳಿ, ಅನ್ನ, ಸೌತೆಕಾಯಿ ಕೋಸಂಬರಿ.

ಕಾರಣದ ಜಾಗ ಬಂದಾಗ ಪೆನ್ನು ನಿಂತಿತು. ಸಾಮಾನ್ಯವಾಗಿ ‘ದಾಖಲೆಯಲ್ಲಿ ದೋಷ’ ಎಂದು ಬರೆದು ಮುಗಿಸುತ್ತೇವೆ. ನಾನು ಬರೆದೆ: ದಾನಿಯು ಕಾಯಿಲೆಯಲ್ಲಿದ್ದ ಹೆಂಡತಿಯ ಬದಲಿಗೆ ಉಪವಾಸವಿದ್ದರು. ಹೆಂಡತಿಗೆ ಇದು ಗೊತ್ತಿರಲಿಲ್ಲ.

ಸಾಕ್ಷಿಯ ಸಹಿಗೆ ನಿಖಿತಾಳ ಮುಂದಿಟ್ಟೆ. ಎರಡು ಸಲ ಓದಿದಳು. “ಆಂಟಿ, ಆಡಿಟ್‌ನವರು ಕೇಳತಾರ್ರಿ.”

“ಕೇಳಲಿ. ಹೇಳತೀನಿ.”

ಅವಳು ಸಹಿ ಹಾಕಿ, ಹೊರಗೆ ಹೋಗಿ, ನನಗೂ ಅವಳಿಗೂ ಚಹಾ ತಂದಳು. ಜೊತೆಗೆ ಬಿಸ್ಕತ್ತು ತಂದಿದ್ದಳು. ಬೇಡ ಎಂದೆ. ಅವತ್ತು ದಶಮಿ, ಮಧ್ಯಾಹ್ನ ಒಂದು ಗಂಟೆ ದಾಟಿತ್ತು.

ಸಂಜೆ ಹೊರಡುವ ಮುಂಚೆ ಹಳದಿ ಪೆಟ್ಟಿಗೆ ತೆರೆದೆ. ಹದಿನಾಲ್ಕನೆಯ ಗುಳಿ ಖಾಲಿ ಇತ್ತು. ಖಾಲಿಯಾದ ಗುಳಿಗೆ ಹಿಂದಿನದನ್ನು ಸರಿಸಿ ತುಂಬಬೇಕೆಂಬುದು ನಮ್ಮ ಕ್ರಮ. ನಾನು ಸರಿಸಲಿಲ್ಲ. ಕಾಗದದ ಮೇಲಿನದಕ್ಕೆ ಗೆರೆ ಎಳೆದು ಸಹಿ ಹಾಕಿದ್ದೇನೆ. ನಾನು ಆಡಿದ ಮಾತಿಗೆ ಗೆರೆ ಎಳೆಯಬೇಕಿತ್ತು, ಚಪ್ಪಲಿ ಗೂಡಿನ ಮುಂದೆ ಬಗ್ಗಿದ್ದ ಆ ಮನುಷ್ಯನನ್ನು ಒಮ್ಮೆ ಇತ್ತ ತಿರುಗಿಸಿ, ಪಾರಣೆ ಆಯಿತೇ ಎಂದು ಕೇಳಬೇಕಿತ್ತು.